ಹೊರ ಅಂಚು ಪಳಗಿದರೆ ತಿರುವು ಪಳಗುತ್ತದೆ: ಐಸ್ ಹಾಕಿ ಸ್ಕೇಟಿಂಗ್ ಮಾರ್ಗದರ್ಶಿ

ಜಾಂಬೋನಿ ಯಂತ್ರ ರಿಂಕನ್ನು (ಐಸಿನ ಆಟದ ಅಂಗಳ) ನುಣುಪು ಮಾಡಿ ಹೊರಗೆ ಹೋದ ಮೇಲಿನ ಮೊದಲ ಐದು ನಿಮಿಷವನ್ನು ಸುಮ್ಮನೆ ಓಡಾಡಿ ಕಳೆಯಬೇಡಿ. ಗೀರಿಲ್ಲದ ಆ ಐಸ್ ಮೇಲೆ ನಿಧಾನವಾಗಿ ಒಂದು ಅರ್ಧವೃತ್ತ ತಿರುಗಿ, ವಾಪಸ್ ಬಂದು, ಬಗ್ಗಿ ನಿಮ್ಮದೇ ಜಾಡು ನೋಡಿ. ಒಂದೊಂದು ಕಾಲಿಗೂ ಕೂದಲೆಳೆಯಂಥ ಒಂದೇ ಗೆರೆ ಬಿದ್ದಿದ್ದರೆ ನೀವು ಬ್ಲೇಡಿನ ಒಂದು ಅಂಚಿನ ಮೇಲೆ ನಿಂತು ತಿರುಗಿದ್ದೀರಿ. ಸುಮಾರು 3 ಮಿಲಿಮೀಟರ್ ಅಂತರದಲ್ಲಿ ಜೋಡಿ ಗೆರೆ ಕಂಡರೆ ಬ್ಲೇಡ್ ನೆಟ್ಟಗೆ ನಿಂತಿತ್ತು, ಅಂಚು ಹಿಡಿದಿರಲಿಲ್ಲ. ಗೆರೆಯೇ ಇಲ್ಲದೆ ಬೆರಳಗಲ ಬಿಳಿ ಪುಡಿ ಬಿದ್ದಿದ್ದರೆ ನೀವು ತಿರುಗಲಿಲ್ಲ, ಜಾರಿದಿರಿ.

ಈಳಿಗೆಮಣೆ ಮುಂದೆ ಕೂತು ಅಭ್ಯಾಸವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತರಕಾರಿ ಹೆಚ್ಚುವುದು ಬೇರೆ, ಕಾಯಿ ತುರಿಯುವುದು ಬೇರೆ. ತಿರುವಿನಲ್ಲಿ ಬ್ಲೇಡ್ ತನ್ನ ಉದ್ದಕ್ಕೆ ಸಾಗುತ್ತಾ ಐಸನ್ನು ಹೆಚ್ಚಬೇಕು. ನಿಲ್ಲುವಾಗ ಅಡ್ಡಕ್ಕೆ ಕೆರೆಯುತ್ತಾ ತುರಿಯಬೇಕು. ಹೆಚ್ಚಬೇಕಾದಲ್ಲಿ ತುರಿದರೆ ವೇಗ ಸೋರಿಹೋಗುತ್ತದೆ. ಬಿಗಿ ತಿರುವು ಬರುವುದಿಲ್ಲ ಎಂದು ಕೊರಗುವ ಹತ್ತು ಜನರಲ್ಲಿ ಹೆಚ್ಚಿನವರ ತೊಂದರೆ ಒಂದೇ ಜಾಗದಲ್ಲಿರುತ್ತದೆ: ತಿರುವಿನ ಒಳಬದಿಯ ಕಾಲು, ಅದರ ಹೊರ ಅಂಚು. ಈ ಲೇಖನದ ಅರ್ಧ ಭಾಗ ಅದಕ್ಕೇ ಮೀಸಲು.

ಮೊದಲು ಬ್ಲೇಡನ್ನು ತಲೆಕೆಳಗು ಮಾಡಿ ನೋಡಿ

ಹಾಕಿ ಬ್ಲೇಡಿನ ಅಡಿ ಚಪ್ಪಟೆಯಲ್ಲ. ಉದ್ದಕ್ಕೂ ಮಧ್ಯದಲ್ಲಿ ಒಂದು ಸಣ್ಣ ತೋಡು ಇರುತ್ತದೆ. ಅದರ ಎರಡು ದಡಗಳೇ ಎರಡು ಅಂಚು. ಹೆಬ್ಬೆರಳಿನ ಕಡೆಯದು ಒಳ ಅಂಚು, ಕಿರುಬೆರಳಿನ ಕಡೆಯದು ಹೊರ ಅಂಚು. ಸಾಣೆ ಹಿಡಿಯುವವರು ಈ ತೋಡನ್ನು ಹಾಲೋ ಎನ್ನುತ್ತಾರೆ, ಅದನ್ನು ಇಂಚಿನಲ್ಲಿ ಅಳೆಯುತ್ತಾರೆ. ಆ ಸಂಖ್ಯೆ ಒಂದು ವೃತ್ತದ ತ್ರಿಜ್ಯವಾದ್ದರಿಂದ ಲೆಕ್ಕ ತಿರುಗುಮುರುಗು: ಸಂಖ್ಯೆ ಚಿಕ್ಕದಾದಷ್ಟೂ ತೋಡು ಆಳ, ಅಂಚು ಚೂಪು, ಹಿಡಿತ ಹೆಚ್ಚು. ಸಂಖ್ಯೆ ದೊಡ್ಡದಾದಷ್ಟೂ ತೋಡು ಆಳವಿಲ್ಲ, ಜಾರು ಹೆಚ್ಚು.

ಅಂಗಡಿಯಲ್ಲಿ ಏನೂ ಹೇಳದೆ ಕೊಟ್ಟರೆ ಸಾಮಾನ್ಯವಾಗಿ 1/2 ಇಂಚು ಮಾಡಿಕೊಡುತ್ತಾರೆ. ಕಲಿಯುವವರಿಗೆ ಅದು ಸರಿಯಾದ ಆರಂಭ. ಹಗುರ ಮೈಯ ಮಕ್ಕಳಿಗೆ 3/8 ಅಥವಾ 7/16 ಒಗ್ಗುತ್ತದೆ, ಏಕೆಂದರೆ ಅಂಚನ್ನು ಒಳಕ್ಕೆ ಒತ್ತುವಷ್ಟು ತೂಕ ಅವರಿಗಿರುವುದಿಲ್ಲ. 85 ಕಿಲೋ ದಾಟಿದ ದೊಡ್ಡವರಿಗೆ 5/8 ಹಿತ. ಅವರಿಗೆ 3/8 ಕೊಟ್ಟರೆ ನಿಲ್ಲಲು ಹೋದಾಗ ಬ್ಲೇಡ್ ಕಚ್ಚಿಕೊಂಡು ಮುಗ್ಗರಿಸುತ್ತಾರೆ. ಐಸ್ ಎಷ್ಟು ಗಟ್ಟಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆನಡಾದ ಬಯಲು ರಿಂಕುಗಳಲ್ಲಿ ಜನವರಿಯ ಕೊರೆವ ಚಳಿಯಲ್ಲಿ ಐಸ್ ಕಲ್ಲಿನಂತಿರುತ್ತದೆ, ಅಲ್ಲಿ ತುಸು ಆಳದ ತೋಡು ಬೇಕು. ಲಡಾಖಿನ ನೈಸರ್ಗಿಕ ಐಸಿನ ಕತೆಯೂ ಹೀಗೇ: ಬೆಳಿಗ್ಗೆ ಗಟ್ಟಿ, ಬಿಸಿಲೇರಿದ ಮೇಲೆ ಮೆತ್ತಗೆ. 2025ರಲ್ಲಿ ಐಐಎಚ್‌ಎಫ್ (ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ) ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ಬಹುಪಾಲು ಆಟಗಾರ್ತಿಯರು ಲಡಾಖಿನವರೇ.

ಸಾಣೆಯಿಂದ ವಾಪಸ್ ಬಂದ ಸ್ಕೇಟನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಕೇಟನ್ನು ಬೋರಲು ಹಿಡಿದು, ಒಂದು ಸಣ್ಣ ಸ್ಕೇಲನ್ನು ಬ್ಲೇಡಿಗೆ ಅಡ್ಡಲಾಗಿ ಎರಡೂ ಅಂಚು ಮುಟ್ಟುವಂತೆ ಇಟ್ಟು, ಹಿಮ್ಮಡಿ ಕಡೆಯಿಂದ ನೋಡಿ. ಸ್ಕೇಲ್ ಮತ್ತು ಬ್ಲೇಡ್ ಸೇರಿ ಇಂಗ್ಲಿಷಿನ ಟಿ ಅಕ್ಷರದಂತೆ ನೇರ ಕಾಣಬೇಕು. ಸ್ಕೇಲ್ ಒಂದು ಕಡೆ ವಾಲಿದ್ದರೆ ಒಂದು ಅಂಚು ಎತ್ತರ, ಇನ್ನೊಂದು ತಗ್ಗು. ಅಂಥ ಸ್ಕೇಟಿನಲ್ಲಿ ಎಡಕ್ಕೆ ಚೆನ್ನಾಗಿ ತಿರುಗಿ ಬಲಕ್ಕೆ ಜಾರುವ ಮಗುವನ್ನು ಬೈದು ಫಲವಿಲ್ಲ. ಆಮೇಲೆ ಉಗುರಿನ ಬೆನ್ನನ್ನು ಅಂಚಿನ ಮೇಲೆ ಅಡ್ಡಕ್ಕೆ ಹಗುರವಾಗಿ ಎಳೆಯಿರಿ. ಉಗುರಿನ ಪುಡಿ ಸಣ್ಣಗೆ ಎದ್ದರೆ ಅಂಚಿದೆ. ನುಣ್ಣಗೆ ಜಾರಿದರೆ ಸಾಣೆ ಬೇಕು. ಎಲ್ಲೋ ಒಂದು ಕಡೆ ತಡೆದರೆ ಅಲ್ಲಿ ಕಲ್ಲೋ ಸಿಮೆಂಟೋ ತಾಗಿ ಮುಕ್ಕಾಗಿದೆ. ಐಸ್ ಮೇಲಿನ 10ರಿಂದ 15 ಗಂಟೆಗೆ ಒಮ್ಮೆ ಸಾಣೆ ಹಿಡಿಸಿದರೆ ಸಾಕು.

ಉದ್ದಕ್ಕೂ ನೋಡಿದರೆ ಬ್ಲೇಡ್ ತೊಟ್ಟಿಲಿನ ಅಡಿಯಂತೆ ತುಸು ಬಾಗಿರುತ್ತದೆ. ಇದಕ್ಕೆ ರಾಕರ್ ಎನ್ನುತ್ತಾರೆ, ಸಾಮಾನ್ಯವಾಗಿ 9ರಿಂದ 11 ಅಡಿ ತ್ರಿಜ್ಯ. ಹೀಗಾಗಿ ಒಂದು ಸಲಕ್ಕೆ ಐಸ್ ಮುಟ್ಟುವುದು ಬ್ಲೇಡಿನ ಕೆಲವೇ ಸೆಂಟಿಮೀಟರ್. ನಿಮ್ಮ ಭಾರ ಪಾದದ ಮುಂದಕ್ಕೋ ಹಿಂದಕ್ಕೋ ಸರಿದಂತೆ ಮುಟ್ಟುವ ಜಾಗವೂ ಸರಿಯುತ್ತದೆ. ಸಣ್ಣ ಜಾಗದಲ್ಲಿ ತಿರುಗಲು ಸಾಧ್ಯವಾಗುವುದು ಈ ಬಾಗಿನಿಂದಲೇ.

ಮಂಡಿ ಬೂಟಿನ ತುದಿಯನ್ನು ಮುಚ್ಚಬೇಕು

ನಿಲುವಿಗೆ ಒಂದೇ ಪರೀಕ್ಷೆ ಸಾಕು. ಪಾದಗಳು ಭುಜದಷ್ಟು ಅಗಲ, ಸೊಂಟ ಕೆಳಗೆ, ಎದೆ ಎತ್ತಿ ನಿಂತು ಕಣ್ಣನ್ನು ಮಾತ್ರ ಕೆಳಗಿಳಿಸಿ ನೋಡಿ. ಮಂಡಿ ಬೂಟಿನ ತುದಿಯನ್ನು ಮರೆಮಾಡಿದ್ದರೆ ಬಾಗು ಸಾಕಷ್ಟಿದೆ. ತುದಿ ಕಾಣುತ್ತಿದ್ದರೆ ಇನ್ನೂ ಕೂರಬೇಕು. ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಒತ್ತುವುದು ಗೊತ್ತಾಗಬೇಕು. ಬೆನ್ನು ಬಗ್ಗಿಸಿ ಮಂಡಿ ಬಗ್ಗಿದಂತೆ ಭಾವಿಸುವುದು ದೊಡ್ಡವರಾದ ಮೇಲೆ ಕಲಿಯುವವರ ಮಾಮೂಲಿ ತಪ್ಪು. ಅವರ ಭಾರ ಬೆರಳ ತುದಿಗೆ ಹೋಗಿ, ತಿರುವಿನಲ್ಲಿ ಬ್ಲೇಡಿನ ಹಿಂಭಾಗ ಹೊರಕ್ಕೆ ಜಾರುತ್ತದೆ.

ಲೇಸಿನ ವಿಚಾರ ಚಿಕ್ಕದು, ಆದರೆ ಕೆಡಿಸುವುದು ದೊಡ್ಡದನ್ನು. ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಪಾದದ ಮಡಿಕೆಯ ಹತ್ತಿರದ ಎರಡು ಮೂರು ತೂತುಗಳಲ್ಲಿ ಬಿಗಿಯಾಗಿ ಎಳೆಯಿರಿ. ಬೆರಳ ಕಡೆ ಸಾಧಾರಣ, ಎಲ್ಲಕ್ಕಿಂತ ಮೇಲಿನ ತೂತಿನಲ್ಲಿ ತುಸು ಸಡಿಲ. ಮೇಲೆ ಕಬ್ಬಿಣದಂತೆ ಬಿಗಿದರೆ ಕಾಲಿನ ಹರಡು ಮುಂದಕ್ಕೆ ಬಾಗುವುದೇ ಇಲ್ಲ. ಬೂಟು ಸಾಮಾನ್ಯವಾಗಿ ನಡೆಯುವ ಶೂಗಿಂತ ಒಂದರಿಂದ ಒಂದೂವರೆ ಸೈಜು ಚಿಕ್ಕದಿರುತ್ತದೆ. ಮಗು ಬೆಳೆಯುತ್ತದೆಂದು ಎರಡು ಸೈಜು ದೊಡ್ಡದು ತಂದರೆ ಪಾದ ಒಳಗೆ ಹೊರಳುತ್ತದೆ, ಬ್ಲೇಡ್ ಹೊರಳುವುದಿಲ್ಲ. ಉಳಿಸಿದ ದುಡ್ಡು ಕಲಿಕೆಯಲ್ಲಿ ಹೋಗುತ್ತದೆ.

ಒಂಟಿ ಕಾಲಿನ ಅರ್ಧವೃತ್ತಗಳು

ಬದಿಯ ಗೋಡೆ ಹಿಡಿದು ನಿಂತಲ್ಲೇ ಶುರುಮಾಡಿ. ಎರಡೂ ಹರಡುಗಳನ್ನು ಒಳಕ್ಕೆ ಹೊರಳಿಸಿ, ನೆಟ್ಟಗೆ ತಂದು, ಹೊರಕ್ಕೆ ಹೊರಳಿಸಿ. ಹತ್ತು ಸಲ. ಹೊರಕ್ಕೆ ಹೊರಳಿಸುವಾಗ ಭಯವಾಗುವುದು ಸಹಜ, ಏಕೆಂದರೆ ದಿನನಿತ್ಯದ ನಡಿಗೆಯಲ್ಲಿ ಪಾದ ಆ ಕಡೆ ಉಳುಕುವುದೇ ಹೊರತು ಭಾರ ಹೊರುವುದಿಲ್ಲ. ಆ ಭಯ ಕಳೆಯುವುದೇ ಮೊದಲ ಪಾಠ.

ಮುಂದೆ ರಿಂಕಿನ ಅಗಲಕ್ಕೆ ಎಳೆದಿರುವ ನೀಲಿ ಗೆರೆಗೆ ಬನ್ನಿ. ಗೆರೆಯ ಒಂದು ತುದಿಯಲ್ಲಿ ನಿಂತು ಎಡಗಾಲಿನಿಂದ ತಳ್ಳಿ, ಬಲಗಾಲೊಂದರ ಮೇಲೆ, ಒಳ ಅಂಚಿನಲ್ಲಿ, ಎಡಕ್ಕೆ ಬಾಗುವ ಅರ್ಧವೃತ್ತ ಬಿಡಿಸಿ ಮತ್ತೆ ಗೆರೆಗೆ ಬನ್ನಿ. ಗೆರೆ ಮುಟ್ಟಿದ ಕೂಡಲೇ ಬಲಗಾಲಿನಿಂದ ತಳ್ಳಿ, ಎಡಗಾಲಿನ ಒಳ ಅಂಚಿನಲ್ಲಿ ಇನ್ನೊಂದು ಬದಿಗೆ ಅರ್ಧವೃತ್ತ. ಹಾವು ಹರಿದಂತೆ ಗೆರೆಯ ಉದ್ದಕ್ಕೂ ಸಾಗಿ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಅಳತೆಯ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಅಂದರೆ ನೀಲಿ ಗೆರೆ ಸುಮಾರು 26 ಮೀಟರ್. ಅದರಲ್ಲಿ ಆರು ಅರ್ಧವೃತ್ತ ಹಿಡಿಸಿದರೆ ಅಳತೆ ಸರಿಯಾಗಿದೆ.

ಇದು ಹಿಡಿತಕ್ಕೆ ಬಂದ ಮೇಲೆ ಅದೇ ಗೆರೆಯಲ್ಲಿ ಹೊರ ಅಂಚು. ಬಲಗಾಲಿನ ಮೇಲೆ ನಿಂತು ಬಲಕ್ಕೇ ಬಾಗಬೇಕು, ಕಿರುಬೆರಳ ಕಡೆಗೆ ಭಾರ. ಎತ್ತಿದ ಎಡಗಾಲು ನಿಂತ ಕಾಲಿನ ಹಿಮ್ಮಡಿ ಪಕ್ಕದಲ್ಲೇ, ಐಸಿನಿಂದ ಒಂದೆರಡು ಇಂಚು ಮೇಲೆ ತೇಲಬೇಕು. ಇಲ್ಲಿ ಸಾಮಾನ್ಯವಾಗಿ ಆಗುವುದೇನು? ಅರ್ಧವೃತ್ತದ ಮೊದಲ ಕಾಲು ಭಾಗ ಚೆನ್ನಾಗಿ ಬರುತ್ತದೆ, ಆಮೇಲೆ ಎತ್ತಿದ ಕಾಲು ತಟ್ಟನೆ ಕೆಳಗಿಳಿಯುತ್ತದೆ. ಕಾಲಿನ ಶಕ್ತಿ ಸಾಲದು ಎಂದುಕೊಳ್ಳುತ್ತಾರೆ. ಅಲ್ಲ. ಸೊಂಟ ವೃತ್ತದ ಹೊರಗೇ ಉಳಿದು, ಭುಜ ಮಾತ್ರ ಒಳಕ್ಕೆ ಬಿದ್ದಿರುತ್ತದೆ. ಸರಿಪಡಿಸಲು ಒಳಬದಿಯ ಭುಜವನ್ನು ತುಸು ಎತ್ತಿ ಹಿಡಿದು, ಸೊಂಟವನ್ನು ವೃತ್ತದ ಒಳಕ್ಕೆ ತಳ್ಳಿ. ಕೈ ತುಂಬಿದಾಗ ಬಾಗಿಲನ್ನು ಸೊಂಟದಿಂದ ನೂಕುತ್ತೇವಲ್ಲ, ಅದೇ ಚಲನೆ.

ಪ್ರತಿ ಅಭ್ಯಾಸದಲ್ಲಿ ಒಳ ಅಂಚಿಗೆ ಎರಡು ಸುತ್ತು, ಹೊರ ಅಂಚಿಗೆ ನಾಲ್ಕು ಸುತ್ತು. ವೇಗ ಬೇಡ. ಜಾಡು ಒಂಟಿ ಗೆರೆಯಾಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ವೃತ್ತದ ಮೇಲೆ ಎಷ್ಟು ವಾಲಬೇಕು?

ಆಟ ಶುರುಮಾಡಲು ರಿಂಕಿನಲ್ಲಿ ಬರೆದಿಟ್ಟ ಐದು ಫೇಸ್‌ಆಫ್ ವೃತ್ತಗಳೇ ಒಳ್ಳೆಯ ಗುರುಗಳು. ತ್ರಿಜ್ಯ 15 ಅಡಿ, ಸುತ್ತಳತೆ ಸುಮಾರು 28.7 ಮೀಟರ್. ಎರಡು ಕಾಲಿನ ಮೇಲೆ ಗೆರೆ ಹಿಡಿದು ಸುತ್ತುವಾಗ ಯಾರಾದರೂ ಮೊಬೈಲಿನಲ್ಲಿ ಸಮಯ ನೋಡಲಿ. ಒಂದು ಸುತ್ತಿಗೆ 8 ಸೆಕೆಂಡ್ ಆದರೆ, ನೆಟ್ಟಗೆ ನಿಂತ ಗೆರೆಯಿಂದ ಮೈ ಸುಮಾರು 16 ಡಿಗ್ರಿ ವಾಲಬೇಕು. 6 ಸೆಕೆಂಡಿಗೆ 27 ಡಿಗ್ರಿ, 5 ಸೆಕೆಂಡಿಗೆ 36 ಡಿಗ್ರಿ. ಆ 6 ಸೆಕೆಂಡಿನ ವೇಗದಲ್ಲೇ ಎರಡು ಮೀಟರ್ ತ್ರಿಜ್ಯದ ಬಿಗಿ ತಿರುವು ತೆಗೆದುಕೊಳ್ಳಬೇಕಾದರೆ 50 ಡಿಗ್ರಿಯ ಹತ್ತಿರ ವಾಲಬೇಕಾಗುತ್ತದೆ. ಇದು ಯಾರ ಶೈಲಿಯೂ ಅಲ್ಲ, ಬರೀ ಭೌತಶಾಸ್ತ್ರ. ವೇಗ ಇಮ್ಮಡಿಯಾದರೆ ಹೊರಕ್ಕೆ ಎಳೆಯುವ ಬಲ ನಾಲ್ಕು ಪಟ್ಟು. ಹೆದರಿ ನೆಟ್ಟಗಾದವರನ್ನು ತಿರುವು ಹೊರಕ್ಕೆ ಎಸೆಯುತ್ತದೆ. ವೇಗವಿಲ್ಲದೆ ವಾಲಿದವರು ಒಳಕ್ಕೆ ಬೀಳುತ್ತಾರೆ. ಕಲಿಯುವವರು ನಿಧಾನವಾಗಿ ಹೋಗುತ್ತಾ ಟಿವಿಯಲ್ಲಿ ಕಂಡಷ್ಟು ವಾಲಲು ಹೋಗಿ ಬೀಳುವುದು ಇದಕ್ಕೇ.

ಘಾಟಿ ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ವಾಲುವುದು ಹೊಸದಲ್ಲ. ಆದರೆ ಒಂದು ವ್ಯತ್ಯಾಸ: ಬೈಕಿನಲ್ಲಿ ತಲೆಯಿಂದ ಚಕ್ರದವರೆಗೆ ಬಹುಮಟ್ಟಿಗೆ ಒಂದೇ ಗೆರೆ. ಸ್ಕೇಟಿನಲ್ಲಿ ಸೊಂಟದಿಂದ ಕೆಳಗೆ ವಾಲು ಹೆಚ್ಚು, ಎದೆ ಮತ್ತು ಭುಜ ಸುಮಾರಾಗಿ ಮಟ್ಟಸ.

ಇನ್ನೊಂದು ಮಾತು. ಸಾರ್ವಜನಿಕ ಸ್ಕೇಟಿಂಗ್ ಹೊತ್ತಿನಲ್ಲಿ ಎಲ್ಲರೂ ಸಾಮಾನ್ಯವಾಗಿ ಅಪ್ರದಕ್ಷಿಣೆಯಾಗಿ ಸುತ್ತುತ್ತಾರೆ. ಹೀಗಾಗಿ ಎಡ ತಿರುವು ತಾನಾಗಿ ಬರುತ್ತದೆ, ಬಲ ತಿರುವು ಬಡವಾಗುತ್ತದೆ. ಅಭ್ಯಾಸಕ್ಕೆ ಜಾಗ ಸಿಕ್ಕಾಗಲೆಲ್ಲ ಪ್ರದಕ್ಷಿಣೆಯ ದಿಕ್ಕಿಗೆ ದುಪ್ಪಟ್ಟು ಸುತ್ತು ಹಾಕಿ.

ಬಿಗಿ ತಿರುವು, ಎಡಕ್ಕೆ

ಇದಕ್ಕೆ ಟೈಟ್ ಟರ್ನ್ ಎಂದೂ, ಬರೀ ಹಾಕಿ ಟರ್ನ್ ಎಂದೂ ಹೇಳುತ್ತಾರೆ. ಐಸ್ ಮೇಲೆ ಒಂದು ಗ್ಲೋವ್ ಇಟ್ಟುಕೊಳ್ಳಿ, ಅದನ್ನು ಸುತ್ತಿ ಬಂದ ದಿಕ್ಕಿಗೇ ಮರಳಬೇಕು.

ಗ್ಲೋವಿಗೆ ನಾಲ್ಕೈದು ಮೀಟರ್ ಇರುವಾಗಲೇ ಕಾಲು ತಳ್ಳುವುದನ್ನು ನಿಲ್ಲಿಸಿ, ಎರಡೂ ಕಾಲಿನ ಮೇಲೆ ತೇಲಿ ಬನ್ನಿ. ತಳ್ಳುತ್ತಲೇ ತಿರುಗಲು ಹೋದರೆ ಒಂದು ಕಾಲು ಗಾಳಿಯಲ್ಲಿರುವಾಗ ತಿರುವು ಬಂದುಬಿಡುತ್ತದೆ. ಈಗ ಎಡಗಾಲನ್ನು ಮುಂದಕ್ಕೆ ಜಾರಿಸಿ, ಎಡ ಸ್ಕೇಟಿನ ಹಿಮ್ಮಡಿ ಬಲ ಸ್ಕೇಟಿನ ತುದಿಯ ಸಾಲಿಗೆ ಬರುವಷ್ಟು. ಎರಡು ಬ್ಲೇಡುಗಳ ನಡುವೆ ಅಡ್ಡಕ್ಕೆ ಒಂದು ಪಾದದಷ್ಟು ಅಂತರವಿರಲಿ.

ನಂತರ ತಲೆ. ಗ್ಲೋವನ್ನು ನೋಡಬೇಡಿ, ತಿರುವು ಮುಗಿದ ಮೇಲೆ ಹೋಗಬೇಕಾದ ಜಾಗ ನೋಡಿ. ತಲೆಯ ಹಿಂದೆ ಕೈ ಮತ್ತು ಸ್ಟಿಕ್, ಅದರ ಹಿಂದೆ ಭುಜ, ಆಮೇಲೆ ಸೊಂಟ, ಕೊನೆಗೆ ಸ್ಕೇಟು. ಸ್ಟಿಕ್ಕಿನ ಬ್ಲೇಡ್ ಐಸ್ ಮುಟ್ಟಿಕೊಂಡು ತಿರುವಿನ ಒಳಗಡೆ ದಾರಿ ತೋರಿಸುತ್ತಿರಲಿ, ಆದರೆ ಅದರ ಮೇಲೆ ಭಾರ ಹಾಕಬೇಡಿ.

ಗ್ಲೋವಿನ ಸಮಕ್ಕೆ ಬರುತ್ತಿದ್ದಂತೆ ಇನ್ನೊಂದಿಷ್ಟು ಕೂತು, ಎರಡೂ ಮಂಡಿಗಳನ್ನು ಎಡಕ್ಕೆ ಒತ್ತಿ. ಎಡ ಮಂಡಿ ತನ್ನ ಕಿರುಬೆರಳಿನ ಆಚೆಗೆ ವಾಲಿದಾಗ ಎಡ ಸ್ಕೇಟ್ ಹೊರ ಅಂಚಿಗೆ ಬರುತ್ತದೆ. ಬಲ ಮಂಡಿ ಎಡ ಮಂಡಿಯತ್ತ ಬಂದಾಗ ಬಲ ಸ್ಕೇಟ್ ಒಳ ಅಂಚಿಗೆ ಬರುತ್ತದೆ. ಎರಡೂ ಕಣಕಾಲುಗಳು ಒಂದಕ್ಕೊಂದು ಸಮಾನಾಂತರವಾಗಿ ವಾಲಿರಬೇಕು. ಒತ್ತಡ ಪಾದದ ನಡುವಿನಿಂದ ಹಿಮ್ಮಡಿಯ ಕಡೆಗೆ. ಬಲಗಾಲು ಸುಮ್ಮನೆ ಹಿಂದೆ ಎಳೆದುಕೊಂಡು ಬರುವ ಬಾಲವಲ್ಲ. ಅದೂ ಭಾರ ಹೊತ್ತು ಐಸನ್ನು ಒತ್ತುತ್ತಿರಬೇಕು.

ಮುಕ್ಕಾಲು ತಿರುವು ಮುಗಿದಾಗ ಬಲಗಾಲನ್ನು ಎಡಗಾಲಿನ ಮೇಲಿಂದ ದಾಟಿಸಿ ಕ್ರಾಸ್‌ಓವರ್ ಹಾಕಿ, ಎರಡು ಮೂರು ತಳ್ಳುಗಳಲ್ಲಿ ವೇಗ ವಾಪಸ್ ಪಡೆಯಿರಿ. ಹೊರಬರುವ ಮೊದಲ ಹೆಜ್ಜೆ ತಡವಾದರೆ ತಿರುವು ಎಷ್ಟೇ ಚಂದವಿದ್ದರೂ ಎದುರಾಳಿ ಮೇಲೆ ಬಂದಿರುತ್ತಾನೆ.

ಶುರುವಿನಲ್ಲಿ ಗ್ಲೋವಿನಿಂದ ಎರಡು ಮೀಟರ್ ದೂರದ ವೃತ್ತ ಸಾಕು. ಆಮೇಲೆ ಒಂದು ಸ್ಟಿಕ್ ಉದ್ದಕ್ಕೆ ಇಳಿಸಿ. ವೇಗ ಮುಕ್ಕಾಲು ಭಾಗ ದಾಟದಿರಲಿ. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಜೊತೆಗಿನ ಅಭ್ಯಾಸ ಕೊನೆಗೆ.

ಎಲ್ಲಿ ತಪ್ಪುತ್ತದೆ

ಅತಿ ಸಾಮಾನ್ಯ ತಪ್ಪೆಂದರೆ ಎರಡೂ ಕಾಲು ಒಳ ಅಂಚಿನ ಮೇಲೆ ನಿಲ್ಲುವುದು. ಹಿಂದಿನಿಂದ ನೋಡಿದರೆ ಕಾಲುಗಳು ಏಣಿ ತೆರೆದಿಟ್ಟಂತೆ ಕಾಣುತ್ತವೆ. ಎಡಗಾಲಿನ ಒಳ ಅಂಚು ಬಲಕ್ಕೆ ಎಳೆಯುತ್ತದೆ, ಬಲಗಾಲಿನದು ಎಡಕ್ಕೆ. ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ. ಎಷ್ಟು ಹೆಣಗಿದರೂ ತಿರುವು ಬಿಗಿಯಾಗುವುದಿಲ್ಲ. ಮದ್ದು ಹಿಂದೆ ಹೇಳಿದ ಹೊರ ಅಂಚಿನ ಅರ್ಧವೃತ್ತವೇ. ಇನ್ನೂ ಒಂದು ಉಪಾಯವಿದೆ: ತಿರುವಿನ ಮಧ್ಯದಲ್ಲಿ ಹೊರಗಾಲನ್ನು ಅರ್ಧ ಸೆಕೆಂಡ್ ಐಸಿನಿಂದ ಎತ್ತಿ ನೋಡಿ. ಎತ್ತಲು ಬಂದರೆ ಒಳಗಾಲು ನಿಜವಾಗಿ ಹೊರ ಅಂಚಿನಲ್ಲಿದೆ. ಬರದಿದ್ದರೆ ಅದು ಬರೀ ನಾಟಕ.

ಹಿಂದಿನ ಕಾಲು ಹೊರಕ್ಕೆ ಜಾರಿ ಪುಡಿ ಎರಚುತ್ತಿದ್ದರೆ ಮೊದಲು ಆ ಮಂಡಿ ನೆಟ್ಟಗಾಗಿದೆಯೇ ನೋಡಿ. ಮಂಡಿ ಸರಿಯಿದ್ದೂ ಜಾರಿದರೆ ಭಾರ ಬೆರಳ ಮೇಲಿದೆ. ಅದೂ ಸರಿಯಿದ್ದರೆ ಉಗುರಿನ ಪರೀಕ್ಷೆ ಮಾಡಿ, ಒಳ ಅಂಚು ಮೊಂಡಾಗಿರುತ್ತದೆ. ಪಾದಗಳು ಅಕ್ಕಪಕ್ಕ ಸಮನಾಗಿದ್ದರೆ ಮುಂದೆ ಹಿಂದೆ ಆಸರೆಯಿಲ್ಲದೆ, ಐಸಿನ ಸಣ್ಣ ಗುಣಿಗೂ ಮುಗ್ಗರಿಸುತ್ತೀರಿ.

ಒಳಭುಜ ಬೀಳಿಸುವುದು ಮತ್ತೊಂದು ರೋಗ. ಅದಕ್ಕೆ ಸ್ಟಿಕ್ಕನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಅಡ್ಡ ಹಿಡಿದು, ಐಸಿಗೆ ಸಮಾಂತರವಾಗಿ ಇಟ್ಟುಕೊಂಡು ವೃತ್ತ ಸುತ್ತಿ. ಸ್ಟಿಕ್ ವಾಲಿದರೆ ಭುಜ ವಾಲಿದೆ.

ಕ್ರಾಸ್‌ಓವರ್: ಅಡಿಯಲ್ಲಿ ಹೋಗುವ ಕಾಲಿನ ಕೆಲಸ

ಕ್ರಾಸ್‌ಓವರ್ ಎಂದರೆ ಹೊರಗಾಲನ್ನು ಎತ್ತಿ ಒಳಗಾಲಿನ ಮೇಲಿಂದ ಇಡುವುದು ಎಂದಷ್ಟೇ ಕಲಿಸಿಬಿಡುತ್ತಾರೆ. ಅದು ಅರ್ಧ ಪಾಠ. ಎಡಕ್ಕೆ ಸುತ್ತುವಾಗ ಬಲಗಾಲು ಒಳ ಅಂಚಿನಿಂದ ಹೊರಕ್ಕೆ ತಳ್ಳಿ, ಎಡಗಾಲಿನ ಮೇಲೆ ದಾಟುತ್ತದೆ. ಅದೇ ಹೊತ್ತಿಗೆ ಎಡಗಾಲು ಹೊರ ಅಂಚಿನಿಂದ, ಮೈಯಡಿಯಲ್ಲಿ ಬಲಕ್ಕೆ ಚಾಚಿಕೊಳ್ಳುತ್ತಾ ಎರಡನೆಯ ತಳ್ಳು ಕೊಡಬೇಕು. ಈ ಅಡಿಯ ತಳ್ಳು ಇಲ್ಲದವರ ಕ್ರಾಸ್‌ಓವರ್ ಮೆಟ್ಟಿಲು ಹತ್ತಿದಂತೆ ಕಾಣುತ್ತದೆ: ಮಂಡಿ ಎತ್ತರಕ್ಕೆ ಏಳುತ್ತದೆ, ಟಪ್ ಟಪ್ ಸದ್ದು ಬರುತ್ತದೆ, ವೇಗ ಮಾತ್ರ ಹೆಚ್ಚುವುದಿಲ್ಲ. ದಾಟುವ ಸ್ಕೇಟ್ ಐಸಿಗೆ ತಾಗುವಷ್ಟು ತಗ್ಗಿನಲ್ಲೇ ಸಾಗಲಿ. ಸರಿಯಾದ ಕ್ರಾಸ್‌ಓವರಿಗೆ ಬಟ್ಟೆ ಹರಿದಂಥ ದೀರ್ಘ ಸದ್ದು. ಎನ್‌ಎಚ್‌ಎಲ್ ತಾರೆ ಕಾನರ್ ಮೆಕ್‌ಡೇವಿಡ್ ಆಡುವ ಪಂದ್ಯ ನೋಡುವಾಗ ಪಕ್ ಬಿಟ್ಟು ಅವರ ಕಾಲು ನೋಡಿ. ಎರಡು ನೀಲಿ ಗೆರೆಗಳ ನಡುವಿನ ಮಧ್ಯ ವಲಯದಲ್ಲಿ ನೇರ ಓಡುವ ಬದಲು ಎಡ ಬಲ ಕ್ರಾಸ್‌ಓವರುಗಳಿಂದಲೇ ವೇಗ ಕಟ್ಟುತ್ತಾರೆ.

ಅಭ್ಯಾಸಕ್ಕೆ ವೃತ್ತದ ಗೆರೆಯ ಮೇಲೆ ಎಡಗಾಲಿನ ಅಡಿತಳ್ಳು ಒಂದನ್ನೇ ಮಾಡಿ. ಬಲಗಾಲು ದಾಟಿ ನೆಲೆ ನಿಲ್ಲುತ್ತದೆ, ಎಡಗಾಲು ಅಡಿಯಲ್ಲಿ ಪೂರ್ತಿ ಚಾಚಿ ಒಂದು ಎಣಿಕೆ ಅಲ್ಲೇ ತಡೆದು ಮರಳುತ್ತದೆ. ಒಂದು ವೃತ್ತಕ್ಕೆ ಆರೇಳು ಸಲ, ಆಮೇಲೆ ಬಲ ದಿಕ್ಕು.

ಹಿಮ್ಮಡಿ ಹಿಮ್ಮಡಿ ಎದುರಾಗಿ

ಮೊಹಾಕ್ ಎಂಬ ತಿರುವಿನಲ್ಲಿ ಮುಂದಕ್ಕೆ ಹೋಗುತ್ತಿದ್ದವರು ಕಾಲು ಬದಲಿಸಿ ಹಿಮ್ಮುಖರಾಗುತ್ತಾರೆ. ಬಲಗಾಲಿನ ಒಳ ಅಂಚಿನಲ್ಲಿ ಎಡಕ್ಕೆ ಬಾಗುತ್ತಾ, ಎದೆಯನ್ನು ವೃತ್ತದ ನಡುವಿಗೆ ತಿರುಗಿಸಿ, ಎಡ ಸೊಂಟ ತೆರೆದು, ಎಡ ಹಿಮ್ಮಡಿಯನ್ನು ಬಲ ಹಿಮ್ಮಡಿಯ ಹತ್ತಿರ ತನ್ನಿ. ಎಡಗಾಲನ್ನೂ ಒಳ ಅಂಚಿನಲ್ಲೇ ಇಳಿಸಿ ಬಲಗಾಲು ಎತ್ತಿ. ಎರಡೂ ಕಾಲು ಇಳಿಸಿಕೊಂಡೇ ತೇಲಿದರೆ ಇನ್ನೊಬ್ಬ ಎನ್‌ಎಚ್‌ಎಲ್ ತಾರೆ ಸಿಡ್ನಿ ಕ್ರಾಸ್ಬಿ ಗೋಲಿನ ಬದಿಯಲ್ಲಿ ಪಕ್ ಕಾಯ್ದುಕೊಳ್ಳಲು ಬಳಸುವ ನಿಲುವು ಅದೇ. ಸೊಂಟ ಬಿಗಿಯಿರುವವರಿಗೆ ಇದು ಮೊದಲ ದಿನ ಬರುವುದಿಲ್ಲ. ಐಸಿನಲ್ಲಿ ಬಲವಂತ ಮಾಡುವ ಬದಲು ಮನೆಯಲ್ಲಿ ದಿನಾ ಚಕ್ಕಳಮಕ್ಕಳ ಹಾಕಿ ಕೂರುವುದು, ಬದ್ಧಕೋನಾಸನ ಮಾಡುವುದು ಒಳ್ಳೆಯದು.

ರೋಲರಿನಿಂದ ಬಂದವರಿಗೆ

ಬೆಂಗಳೂರಿನಲ್ಲಿ ಇನ್‌ಲೈನ್ ಸ್ಕೇಟ್ ಕಲಿತು ವಿದೇಶದಲ್ಲಿ ಐಸಿಗೆ ಇಳಿಯುವ ಮಕ್ಕಳಿಗೆ ಕ್ರಾಸ್‌ಓವರ್ ಬೇಗ ಬರುತ್ತದೆ. ತೊಡಕಾಗುವುದು ಎರಡು ಕಡೆ. ರಬ್ಬರಿನಂಥ ಚಕ್ರ ನೆಲವನ್ನು ಹಿಡಿದುಕೊಳ್ಳುತ್ತದೆ, ಅಡ್ಡಕ್ಕೆ ಸುಲಭವಾಗಿ ಜಾರುವುದಿಲ್ಲ. ಹಾಗಾಗಿ ಅಡ್ಡ ಜಾರಿ ನಿಲ್ಲುವ ಹಾಕಿ ಸ್ಟಾಪ್ ಅವರ ಕಾಲಿಗೆ ಅಪರಿಚಿತ. ನಿಂತಲ್ಲೇ ಗೋಡೆ ಹಿಡಿದು, ಒಂದು ಕಾಲಿನ ಒಳ ಅಂಚಿನಿಂದ ಕಾಯಿ ತುರಿಯುವಂತೆ ಐಸ್ ಕೆರೆದು ಬಿಳಿ ಗುಡ್ಡೆ ಮಾಡಿಸಿ. ಬ್ಲೇಡ್ ಎಷ್ಟು ನೆಟ್ಟಗಿದ್ದರೆ ಜಾರುತ್ತದೆ, ಎಷ್ಟು ವಾಲಿದರೆ ಕಚ್ಚುತ್ತದೆ ಎಂಬ ಹದ ಅಲ್ಲಿ ಸಿಗುತ್ತದೆ. ಎರಡನೆಯದು, ರಾಕರಿನ ಬಾಗಿನಿಂದಾಗಿ ಐಸ್ ಸ್ಕೇಟ್ ಅವರು ನಿರೀಕ್ಷಿಸಿದ್ದಕ್ಕಿಂತ ಬೇಗ ತಿರುಗಿಬಿಡುತ್ತದೆ. ಮೊದಲ ವಾರ ಅತಿಯಾಗಿ ತಿರುಗಿ ಬೀಳುವುದು ಸಹಜ.

ಬೀಳುವುದಂತೂ ಇದ್ದದ್ದೇ. ಹೊರ ಅಂಚಿನ ಅಭ್ಯಾಸದಲ್ಲಿ ಸೊಂಟ, ಮೊಣಕೈಗಳಿಗೇ ಹೆಚ್ಚು ಪೆಟ್ಟು. ಹೆಲ್ಮೆಟ್, ಮೊಣಕೈ ಪ್ಯಾಡ್, ಗ್ಲೋವ್ ಇಲ್ಲದೆ ಇಳಿಯಬೇಡಿ. ಬಿದ್ದ ಕೂಡಲೇ ಬೆರಳುಗಳನ್ನು ಮುಷ್ಟಿ ಮಾಡಿಕೊಳ್ಳಿ. ಕೆನಡಾದ ಮಕ್ಕಳ ಲೀಗುಗಳಲ್ಲಿ ಕುತ್ತಿಗೆ ರಕ್ಷಕ ಕಡ್ಡಾಯ. ಅಭ್ಯಾಸದ ದಿನವೂ ಅದು ಇರಲಿ.

ಒಂದು ಗಂಟೆ ಐಸ್ ಸಿಕ್ಕರೆ ಮೊದಲ ಹದಿನೈದು ನಿಮಿಷ ನೀಲಿ ಗೆರೆಯ ಅರ್ಧವೃತ್ತ, ನಂತರದ ಹೆಚ್ಚಿನ ಹೊತ್ತು ವೃತ್ತ ಮತ್ತು ಗ್ಲೋವಿನ ತಿರುವು, ಕೊನೆಯ ಹತ್ತು ನಿಮಿಷ ಪಕ್ ಜೊತೆ. ದಣಿದ ಮೇಲೆ ಹೊಸ ಅಭ್ಯಾಸ ಶುರುಮಾಡಬೇಡಿ. ತೊಡೆ ಸೋತಾಗ ಮಂಡಿ ನೆಟ್ಟಗಾಗುತ್ತದೆ, ನೆಟ್ಟಗಾದ ಮಂಡಿಯಲ್ಲಿ ಕಲಿತದ್ದು ತಪ್ಪಾಗಿಯೇ ಕೂರುತ್ತದೆ.

ಹೊರಬಂದ ಮೇಲೆ ಬ್ಲೇಡನ್ನು ಒಣ ಬಟ್ಟೆಯಲ್ಲಿ ಒರೆಸಿ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಒರೆಸಿ, ಏಕೆಂದರೆ ತಣ್ಣಗಿರುವ ಉಕ್ಕಿನ ಮೇಲೆ ಕೋಣೆಯ ಬಿಸಿಗೆ ಮತ್ತೆ ಬೆವರು ಕೂರುತ್ತದೆ. ಗಟ್ಟಿ ಪ್ಲಾಸ್ಟಿಕ್ ಗಾರ್ಡು ನಡೆದಾಡುವುದಕ್ಕೆ ಮಾತ್ರ. ಅದನ್ನು ತೊಡಿಸಿಯೇ ಚೀಲದಲ್ಲಿಟ್ಟರೆ ಒಳಗಿನ ತೇವಕ್ಕೆ ಮುಂದಿನ ವಾರದೊಳಗೆ ಅಂಚಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಚೀಲಕ್ಕೆ ಬಟ್ಟೆಯ ಹೊದಿಕೆ ಹಾಕಿಡಿ.